ಬಿದ್ದಪ್ಪನ ಎಡೆ

ಲಾವಣ್ಯಾ ತಾರಸಿಯ ಮೂಲೆಯಿಂದ ಕಬ್ಬಿಣದ ಪೆಟ್ಟಿಗೆಯನ್ನು ಈಚೆಗೆ ಎಳೆದದ್ದೇ ತಡ, ಪಕ್ಕದ ತಾರಸಿಯ ಪಂಜಾಬಿ ಆಂಟಿ ತಂತಿಯ ಮೇಲಿದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಹೋದರು. ಲಾವಣ್ಯಾಳ ಗಂಡ ಬಿದ್ದಪ್ಪ ಸತ್ತು ಅಂದಿಗೆ ವರ್ಷ. ಅವನ ಭಾನುವಾರಗಳನ್ನು ಆಂಟಿ ಮರೆತಿರಲಿಲ್ಲ.

ಅದು ಮಾಂಸಕ್ಕೆ ಹೊಗೆ ಹಾಕುವ ಅಮೆರಿಕದ ಯಂತ್ರ. ಎದೆಯೆತ್ತರ, ಕಪ್ಪು ಬಣ್ಣ, ಮುಂದೊಂದು ಬಾಗಿಲು. ಚಾಣಕ್ಯಪುರಿಯ ರಾಯಭಾರ ಕಚೇರಿಯವರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಮಾರಿದ್ದನ್ನು ಬಿದ್ದಪ್ಪ ಹೌಜ್ ಖಾಸಿನ ಈ ಮಹಡಿಗೆ ಹೊತ್ತು ತಂದಿದ್ದ. ಪ್ರೊಪೇನ್ ಅನಿಲದಲ್ಲಿ ಉರಿಯಬೇಕಾದ ಅದಕ್ಕೆ ಅಡುಗೆಮನೆಯ ಸಿಲಿಂಡರನ್ನೇ ಜೋಡಿಸುತ್ತಿದ್ದುದರಿಂದ ಭಾನುವಾರ ಮನೆಯಲ್ಲಿ ಕಾಫಿಗೂ ಗತಿಯಿರುತ್ತಿರಲಿಲ್ಲ. ಕೊಡಗಿನಿಂದ ಬಂದ ಅವನ ತಾಯಿ ಬೋಜಮ್ಮ ಅದನ್ನು ಕಂಡ ದಿನವೇ ‘ಹೊಗೆಯ ಬೀರು’ ಎಂದು ಹೆಸರಿಟ್ಟಿದ್ದರು.

ಉರಿ ಸಣ್ಣಗಿರಬೇಕು, ಒಳಗಿನ ತಟ್ಟೆಯಲ್ಲಿ ನೀರಿರಬೇಕು, ನಡುವೆ ಬಾಗಿಲು ತೆಗೆಯಬಾರದು ಎಂದು ಬಾಗಿಲಿನ ಒಳಮೈಯಲ್ಲೇ ಬರೆದು ಅಂಟಿಸಿತ್ತು. ಬಿದ್ದಪ್ಪ ನೀರಿಡುತ್ತಿರಲಿಲ್ಲ, ಉರಿ ತಗ್ಗಿಸುತ್ತಿರಲಿಲ್ಲ, ಬಾಗಿಲನ್ನಂತೂ ಮುಚ್ಚಿದ ಕೈಯಲ್ಲೇ ತೆಗೆಯುತ್ತಿದ್ದ. ಲಾವಣ್ಯಾ ಕೇಳಿದರೆ, “ಅದನ್ನು ಓದೋಕಾದರೂ ಬಾಗಿಲು ತೆಗೀಬೇಕಲ್ಲ” ಅನ್ನುತ್ತಿದ್ದ. ಹಸಿದು ಕೂತವರಿಗೆ ಸಂಜೆಯವರೆಗೂ ಒಂದೇ ಉತ್ತರ: “ಇನ್ನು ಐದೇ ನಿಮಿಷ.” ಕೊನೆಗೆ ಹೊರಬರುತ್ತಿದ್ದದ್ದು ಇದ್ದಿಲು. ಚೆನ್ನಾಗಿದೆ ಎನ್ನುತ್ತಲೇ ಎಲ್ಲರೂ ಅದನ್ನು ಕಡಿಯುತ್ತಿದ್ದರು. ಬಡಿಸುವಾಗ ಅವನ ಮುಖ ಅಷ್ಟು ಅರಳಿರುತ್ತಿತ್ತು.

ಈ ಒಂದು ವರ್ಷದಲ್ಲಿ ಲಾವಣ್ಯಾ ಯಾವುದನ್ನೂ ಬೇಕೆಂದವಳಲ್ಲ. ಎಡೆಗೆ ಅವನ ಪ್ರೀತಿಯ ಹಂದಿ ಪಕ್ಕೆಲುಬನ್ನು ತಾನೇ ಮಾಡಬೇಕು, ಒಮ್ಮೆಯಾದರೂ ಅವನಿಗೆ ಸರಿಯಾದದ್ದು ಸಿಗಬೇಕು ಎಂದಷ್ಟೇ ಹೇಳಿದ್ದಳು. ಐಎನ್ಎ ಮಾರ್ಕೆಟ್ಟಿನಿಂದ ಪಕ್ಕೆಲುಬು ತಂದು, ಉಪ್ಪು, ಮೆಣಸಿನ ಪುಡಿ, ಅತ್ತೆ ಊರಿಂದ ತಂದ ಕಾಚಂಪುಳಿ ಎಂಬ ಕಪ್ಪು ಹುಳಿರಸ ಸವರಿದಳು. ನೀರಿಟ್ಟಳು. ಉರಿ ತಗ್ಗಿಸಿದಳು. ನಮ್ಮೂರಿನ ಒಲೆಯ ಮೇಲೆ ನೇತುಹಾಕುವ ಮಾಂಸಕ್ಕೆ ಯಾರು ನೀರಿಡುತ್ತಾರೆ, ಒಂದು ಸಲ ತೆಗೆದು ನೋಡಿದರೆ ಏನಾಗುತ್ತದೆ ಎಂದು ಬೋಜಮ್ಮ ಸುತ್ತಲೇ ಸುಳಿದಾಡುತ್ತಿದ್ದರು. ಲಾವಣ್ಯಾ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಹಾಕಿಕೊಂಡು ಕೂತುಬಿಟ್ಟಳು.

ಬಿಸಿಲು ಇಳಿದ ಮೇಲೆ ಬಾಗಿಲು ತೆರೆದಳು. ಮಾಂಸ ಕೆಂಪಗೆ ಮಿನುಗುತ್ತಿತ್ತು. ಬೋಜಮ್ಮ ಒಂದನ್ನು ಹಿಡಿದರೆ ಎಲುಬು ತಾನಾಗಿಯೇ ಕಳಚಿ ಕೈಗೆ ಬಂತು. ಬಾಯಿಗಿಡದೆಯೇ ಚೆನ್ನಾಗಿದೆ ಎಂದರು. ಈ ಸಲ ಮಾತು ನಿಜವಾಗಿತ್ತು. ಆಮೇಲೆ ಒಳಗೆ ಮಗನ ಫೋಟೋದ ಮುಂದೆ ಹಾಸಿದ್ದ ಬಾಳೆಯೆಲೆಯ ಕಡೆ ನೋಡಿ ತುಂಡನ್ನು ಹಿಂದಕ್ಕಿಟ್ಟರು.

“ಏನತ್ತೆ?”

“ಇದು ಅವನಿಗೆ ಗುರುತು ಸಿಗಲ್ಲ, ಲಾವಣ್ಯಾ. ಯಾರದೋ ಮನೆ ಅಂದ್ಕೊಂಡು ಕೆಳಗಿನ ಮನೆಗೆ ಹೋಗ್ತಾನೆ.”

“ಕೆಳಗಿನವರು ಈರುಳ್ಳೀನೂ ತಿನ್ನಲ್ಲ.”

“ಮತ್ತೆ? ಹಸಿದುಕೊಂಡೇ ಹೋಗ್ತಾನೆ.”

ಲಾವಣ್ಯಾ ಒಳಗಿನ ತಟ್ಟೆಯನ್ನು ಹೊರಗೆಳೆದಳು. ಅದರ ನೀರನ್ನು ಮೋರಿಗೆ ಚೆಲ್ಲಿದಳು. ಒಳ್ಳೆಯ ನಾಲ್ಕು ತುಂಡು ಆರಿಸಿ ಮತ್ತೆ ಒಳಗಿಟ್ಟು, ಗ್ಯಾಸನ್ನು ಪೂರ್ತಿ ತಿರುವಿದಳು. ಬಾಗಿಲು ಹಾಕಿದಳು, ತೆಗೆದಳು. ಮತ್ತೆ ಹಾಕಿದಳು, ಮತ್ತೆ ತೆಗೆದಳು. ಕಪ್ಪು ಹೊಗೆ ತಾರಸಿ ದಾಟಿತು. ಪಕ್ಕದ ಮನೆಯ ಕಿಟಕಿ ಪಟಾರನೆ ಮುಚ್ಚಿಕೊಂಡಿತು.

ಬೆಳಗಿನಿಂದ ಉಪವಾಸವಿದ್ದ ಬೋಜಮ್ಮ ಒಳಗಿನಿಂದ ಎಲೆ ಬಾಡುತ್ತಿದೆ, ಇನ್ನೆಷ್ಟು ಹೊತ್ತು ಎಂದು ಕೂಗಿ ಕೇಳಿದರು.

ಲಾವಣ್ಯಾ ಬಾಗಿಲು ತೆಗೆದು ಇಣುಕಿದಳು.

“ಇನ್ನು ಐದೇ ನಿಮಿಷ.”