ಎರಡನೇ ಇಂಜಿನ್

"ಒಬ್ಬರು ಇಳಿಯಲೇಬೇಕು," ಎಂದ ಮೆಕ್ಯಾನಿಕ್, ರಬ್ಬರ್ ದೋಣಿಯ ಹಿಂಬದಿಯನ್ನೇ ನೋಡುತ್ತ. "ಹಿಂದೆ ಭಾರ ವಿಪರೀತ ಆಯ್ತು. ಗಾಳಿ ಬೇರೆ ಎದ್ದಿದೆ. ಹೀಗೇ ಹೊರಟ್ರೆ ದೋಣಿ ಮೂತಿ ಎತ್ಕೊಂಡು ತೆವಳುತ್ತೆ, ಹಿಂದಿನಿಂದ ನೀರು ನುಗ್ಗುತ್ತೆ. ನಾನಂತೂ ಇಳಿದಾಯ್ತು. ಇನ್ನೂ ಒಬ್ಬರು ಇಳೀಬೇಕು."

ದೋಣಿ ನಡೆಸುವವನು ಒಳಗಿದ್ದವರ ಮೇಲೆ ಕಣ್ಣಾಡಿಸಿದ. ದೋಣಿಯ ನಡುವೆ ಬಾಣಂತಿ ಮಲಗಿದ್ದಳು. ಹೆರಿಗೆಯಾಗಿ ಗಂಟೆಯಾದರೂ ರಕ್ತ ನಿಂತಿರಲಿಲ್ಲ; ಕೂಸನ್ನು ಮನೆಯಲ್ಲೇ ಅಜ್ಜಿಯ ಕೈಗೆ ಕೊಟ್ಟು ಬಂದಿದ್ದರು. ಅವಳ ಪಕ್ಕ ಮಂಡಿಯೂರಿ, ಹೊಟ್ಟೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದವಳು ಅವನ ಹೆಂಡತಿ, ಆ ದ್ವೀಪಕ್ಕೆಲ್ಲ ಒಬ್ಬಳೇ ನರ್ಸ್. ಅವಳು ಕೈ ತೆಗೆದರೆ ಕಥೆ ಮುಗಿಯಿತು. ಹಿಂದೆ ಮುದುರಿ ಕೂತವಳು ಬಾಣಂತಿಯ ತಂಗಿ. ಅಕ್ಕನಿಗೆ ಹೊಂದುವ ರಕ್ತ ಆಚೆ ದಡದ ದೊಡ್ಡಾಸ್ಪತ್ರೆಯಲ್ಲಿ ಇಲ್ಲವಂತೆ. ಇದ್ದದ್ದು ಈ ಹುಡುಗಿಯ ಮೈಯಲ್ಲಿ ಮಾತ್ರ. ಇನ್ನು ದೋಣಿ ನಡೆಸಲು ಅವನು. ನಾಲ್ವರಲ್ಲಿ ಯಾರನ್ನು ಇಳಿಸುವುದು?

ಇಳಿಸಬಹುದಾದದ್ದು ಒಂದೇ ಒಂದಿತ್ತು. ಅತ್ತ ತಿರುಗಿ ನೋಡಲೂ ಅವನಿಗೆ ಧೈರ್ಯ ಬರಲಿಲ್ಲ.

ಹೋದ ತಿಂಗಳು ಇದೇ ದೋಣಿಯಲ್ಲಿ ಎದೆನೋವಿನ ಮುದುಕನೊಬ್ಬನನ್ನು ಕರೆದೊಯ್ಯುವಾಗ ಹಳೆಯ ಇಂಜಿನ್ ನಡುನೀರಿನಲ್ಲಿ ನಿಂತುಹೋಗಿತ್ತು. ಹುಟ್ಟು ಹಾಕಿ ಹಾಕಿ ಅಂಗೈ ಸುಲಿದುಹೋಗಿತ್ತು. ದಡ ಮುಟ್ಟುವಷ್ಟರಲ್ಲಿ ಮುದುಕ ತಣ್ಣಗಾಗಿದ್ದ. ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಮುದುಕನ ಮಗ ಬೆನ್ನು ತಟ್ಟಿ ಹೋದ. ಯಾರೂ ಒಂದು ಬೈಗುಳ ಬೈಯಲಿಲ್ಲ; ಅದೇ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಹಾಗಾಗಿ ಇವತ್ತು ಬೆಳಿಗ್ಗೆ ಮೆಕ್ಯಾನಿಕ್ ಎರಡು ಹೊಸ ಇಂಜಿನ್ ತಂದು, ಒಂದು ಸಾಕೋ ಎರಡು ಬೇಕೋ ಓಡಿಸಿ ನೋಡಿ ಹೇಳು ಎಂದಾಗ, ಅವನದು ಆಗಲೇ ತೀರ್ಮಾನವಾಗಿತ್ತು. "ಎರಡೂ ಬೇಕು. ಒಂದು ಕೈಕೊಟ್ರೆ ಇನ್ನೊಂದು ಇರುತ್ತೆ."

"ಇರುತ್ತೆ. ಜೊತೆಗೆ ಎಂಬತ್ತು ಕೇಜಿ ಭಾರಾನೂ ಇರುತ್ತೆ, ಅದರ ಟ್ಯಾಂಕು ಬೇರೆ," ಎಂದು ಮೆಕ್ಯಾನಿಕ್ ನಕ್ಕಿದ್ದ. "ಇದೇನು ಹಡಗೇನಯ್ಯಾ? ಗಾಳಿ ತುಂಬಿದ ಚೀಲ. ಎರಡು ದೋಣಿ ಮೇಲೆ ಕಾಲಿಟ್ಟು ಮುಳುಗಿದೋರನ್ನ ನೋಡಿದೀನಿ. ಒಂದೇ ದೋಣಿಗೆ ಎರಡು ಇಂಜಿನ್ ಕಟ್ಟಿ ಮುಳುಗೋನು ನೀನೇ ಮೊದಲು." ಆದರೂ ಎರಡನ್ನೂ ಬಿಗಿದುಕೊಟ್ಟಿದ್ದ. ಇಬ್ಬರೇ ಕೂತು ದ್ವೀಪವನ್ನು ಎರಡು ಸುತ್ತು ಹಾಕಿದ್ದರು. ಇಷ್ಟು ದಿನದಲ್ಲಿ ಅವನು ನಿಶ್ಚಿಂತೆಯಾಗಿ ಉಸಿರಾಡಿದ್ದು ಅದೇ ಮೊದಲು. ಮೂರನೇ ಸುತ್ತಿಗೆ ಮೊದಲೇ ಹೆಂಡತಿಯ ಫೋನ್ ಬಂದಿತ್ತು.

"ಏನ್ರೀ ನೋಡ್ತಾ ನಿಂತ್ರಿ?" ಹೆಂಡತಿ ತಲೆ ಎತ್ತದೆ ಕೇಳಿದಳು.

"ಒಂದೇ ಇಂಜಿನ್‌ನಲ್ಲಿ ಹೋಗೋದಾ? ಮತ್ತೆ ನಿಂತುಬಿಟ್ರೆ?"

"ಅದು ನಿಂತಾಗ ನೋಡೋಣ. ಇಲ್ಲಿ ಇವಳಿಗೆ ನಿಲ್ತಾ ಇಲ್ಲ."

ಅವನು ಸ್ಪ್ಯಾನರ್ ಕೈಗೆತ್ತಿಕೊಂಡ. ಎರಡು ಸಲ ಇಟ್ಟರೂ ಅದು ಬೋಲ್ಟಿಗೆ ಕೂರಲಿಲ್ಲ. "ಕೊಡಿಲ್ಲಿ," ಎಂದ ಮೆಕ್ಯಾನಿಕ್. ಅವನು ಕೊಡಲಿಲ್ಲ. ಬಿಚ್ಚಿದ್ದು ತಾನೇ. ಇಬ್ಬರೂ ಸೇರಿ ಇಂಜಿನ್ನನ್ನು ಎತ್ತಿ ಕಟ್ಟೆಯ ಮೇಲಿಟ್ಟರು, ಟ್ಯಾಂಕನ್ನೂ ಇಳಿಸಿದರು, ಉಳಿದ ಇಂಜಿನ್ನನ್ನು ನಡುವಿಗೆ ಸರಿಸಿ ಬಿಗಿದರು. ಏಳು ನಿಮಿಷ ಹಿಡಿಯಿತು. ಆ ಏಳು ನಿಮಿಷವೂ ಬಾಣಂತಿ ನೀರು ನೀರು ಎನ್ನುತ್ತಿದ್ದಳು.

ದೋಣಿ ಹಗುರಾಗಿ ಮೇಲೆದ್ದು ಓಡಿತು. ಅವನ ಮೈಯೆಲ್ಲ ಕಿವಿಯಾಗಿತ್ತು. ಅಲೆಯ ಸದ್ದಾಗಲಿ, ಹೆಂಡತಿ ಅದುಮಿದ ಕೈ ತೆಗೆಯದೆ ಬಾಣಂತಿಯ ಮುಖದತ್ತ ಬಾಗಿ "ಕಣ್ಣು ಬಿಡೇ, ನಿದ್ದೆ ಮಾಡ್ಬೇಡ, ಕೂಸಿಗೆ ಏನು ಹೆಸರಿಡ್ತೀಯ ಹೇಳು" ಎಂದು ಗದರುತ್ತಿದ್ದುದಾಗಲಿ ಅವನಿಗೆ ಕೇಳಲಿಲ್ಲ. ಕೇಳಿದ್ದು ಇಂಜಿನ್ನಿನ ಗೊರಗೊರ ಒಂದೇ. ಅದರಲ್ಲಿ ಎಲ್ಲಿ ಒಂದು ಎಳೆ ತಪ್ಪುತ್ತದೋ ಎಂದು ಹಲ್ಲು ಕಚ್ಚಿ ಕೂತಿದ್ದ. ನಡುನೀರಿನಲ್ಲಿ ದೊಡ್ಡ ಅಲೆಯೊಂದು ದೋಣಿಯನ್ನು ಎತ್ತಿಹಾಕಿತು. ಪ್ರೊಪೆಲರ್ ನೀರಿನಿಂದ ಹೊರಬಂದು ಇಂಜಿನ್ ಕಿರುಚಿತು. ಅವನು ಕೂತಲ್ಲಿಂದ ಅರ್ಧ ಎದ್ದ.

"ಏನಾಯ್ತಣ್ಣಾ?" ಎಂದಳು ತಂಗಿ.

"ಏನಿಲ್ಲ. ಅಲೆ." ಇಂಜಿನ್ ಮತ್ತೆ ನೀರು ಹಿಡಿದು ಗೊರಗುಟ್ಟಿದ ಮೇಲೂ ಆ ಮಾತನ್ನು ಅವನು ತನಗೇ ನಾಲ್ಕು ಸಲ ಹೇಳಿಕೊಂಡ.

ದಡದಲ್ಲಿ ಸ್ಟ್ರೆಚರ್ ಕಾದಿತ್ತು. ಬಾಣಂತಿಯನ್ನು ಎತ್ತಿಕೊಂಡು ಹೋದರು. ತಂಗಿ ಆಗಲೇ ಅಂಗಿಯ ತೋಳು ಮೇಲಕ್ಕೆ ಮಡಚುತ್ತ ಹಿಂದೆ ಓಡಿದಳು. ಹೆಂಡತಿಯೂ ಹೋದಳು.

ಅವಳು ತಿರುಗಿ ಬಂದಾಗ ಬಿಸಿಲು ಇಳಿಯುತ್ತಿತ್ತು. ಮೊಣಕೈವರೆಗೆ ರಕ್ತ ಒಣಗಿ ಕಪ್ಪಾಗಿತ್ತು. "ರಕ್ತ ಏರಿಸ್ತಿದಾರೆ. ನಾಡಿ ಸಿಗ್ತಾ ಇದೆ. ಉಳ್ಕೋತಾಳೆ ಅಂದ್ರು," ಎಂದಳು.

ಅವನು ದೋಣಿಯಿಂದ ಇಳಿದೇ ಇರಲಿಲ್ಲ. ಇಂಜಿನ್ ಓಡುತ್ತಲೇ ಇತ್ತು.

"ಇಷ್ಟು ಹೊತ್ತೂ ಆರಿಸಿಲ್ವೇನ್ರೀ?"

"ಆರಿಸಿದ್ಮೇಲೆ ಹತ್ತದೇ ಇದ್ರೆ?"

ಅವಳು ದೋಣಿಗೆ ಇಳಿದು ತಾನೇ ಇಂಜಿನ್ ಆರಿಸಿದಳು. ನೀರಿನ ಮೇಲೆ ದಿಢೀರನೆ ಮೌನ ಬಿತ್ತು. ಆಗಲೂ ಅವನ ಮುಷ್ಟಿ ಹಿಡಿಕೆಯನ್ನು ಬಿಡಲಿಲ್ಲ. ಅವಳು ಪಕ್ಕದಲ್ಲಿ ಕೂತು, ಮಗುವಿನ ಕೈ ಬಿಡಿಸುವಂತೆ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.