ಕುಂಕುಮದವಳು, ಅರಿಶಿನದವಳು

ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಎರಡು ಜಾತಿ ಕಾಂಡ್ಲಾ ಗಿಡಗಳ ವ್ಯತ್ಯಾಸ ಹೊನ್ನಮ್ಮನ ಗಂಡನಿಗೆ ಹನ್ನೆರಡು ವರ್ಷವಾದರೂ ತಲೆಗೆ ಹತ್ತಿರಲಿಲ್ಲ. ಇಂದು ಮಾತ್ರ ಅವನು ದೋಣಿಯಿಂದ ಇಳಿಸಿದ ಸಸಿಗಳು ಒಂದೂ ತಪ್ಪದೆ ಬೇರೆ ಬೇರೆ ರಾಶಿಯಾಗಿದ್ದವು.

“ಅಂತೂ ಕಲ್ತ್ರಿ,” ಎಂದು ಅವಳು ನಕ್ಕಳು.

“ಅದ್ರಲ್ಲೇನದೆ? ಚಿಗುರಿನ ತುದಿ ಕೆಂಪಾದ್ರೆ ಕುಂಕುಮದವಳು, ಹಳದಿಯಾದ್ರೆ ಅರಿಶಿನದವಳು. ನೀನೇ ಹೇಳ್ದದ್ದಲ್ವಾ ಮಾರಾಯ್ತಿ.”

ಹೊನ್ನಮ್ಮ ಕೈಯಲ್ಲಿದ್ದ ಸಸಿಯನ್ನು ಕೆಳಗಿಟ್ಟಳು. ತನ್ನ ಜೊತೆ ಸಸಿ ನೆಡುವ ಗೆಳತಿಯ ಮಾತೆತ್ತಿದಳು.

“ನಾಳೆ ಮಾದೇವಿನೂ ನಮ್ಮ ದೋಣಿಗೇ ಬರ್ಲಿ.”

“ಅವಳು ಬ್ಯಾಡ. ನಾನು ಅವಳ ಹತ್ರ ಮಾತು ಬಿಟ್ಟು ನಾಕು ವರ್ಷ ಆಯ್ತು, ಗೊತ್ತಿಲ್ವಾ?”

ಆ ಹೆಸರುಗಳನ್ನು ಹೊನ್ನಮ್ಮ ಕಟ್ಟಿದ್ದು ಮೊನ್ನೆಯಷ್ಟೇ. ಹೇಳಿದ್ದು ಒಬ್ಬಳಿಗೇ, ಮಾದೇವಿಗೆ.