ಉಗ್ರಾಣದ ಜಾಡಿ

ಮಿರ್ಸೀನಿಯ ಕೈಯಲ್ಲಿ ಉಳಿದದ್ದು ಬಿಳಿ ಉಣ್ಣೆಯ ದಾರವೊಂದೇ. ಅದನ್ನು ಸುತ್ತಿದ್ದ ಜಾಡಿಯನ್ನು ತೊಳೆದು ಸಿಂಕಿನ ಪಕ್ಕ ಬೋರಲು ಹಾಕಲಾಗಿತ್ತು. ಅಮಾವಾಸ್ಯೆಯ ಮರುದಿನ ನೀರು, ಎಣ್ಣೆ, ಜೇನು, ಕಾಳು ತುಂಬಿ, ಮನೆಯ ಸಿರಿ ಕಾಯುವ ಪ್ರಾಚೀನ ಗ್ರೀಕರ ಝ್ಯೂಸ್ ದೇವರ ಹೆಸರಲ್ಲಿ ಉಗ್ರಾಣದಲ್ಲಿಟ್ಟಿದ್ದಳು. ಅತ್ತೆ ಸ್ಟಮಾಟಿಯಾ ಅದನ್ನು ಖಾಲಿ ಮಾಡಿದ್ದು ಇದು ಮೂರನೆಯ ಸಲ.

"ಮುಟ್ಟಬೇಡಿ ಅಂತ ಎಷ್ಟು ಸಲ ಹೇಳ್ಲಿ ಅತ್ತೆ?"

"ನಾತ ಹೊಡೀತಿತ್ತು ಕಣೇ. ನಿನ್ನ ಕಲ್ಲುದೇವರುಗಳ ಮೂಗು ಮುರಿದು ಬಿದ್ದಿರಬಹುದು, ನನ್ನದು ನೆಟ್ಟಗಿದೆ." ಸ್ಟಮಾಟಿಯಾ ಬೀನ್ಸ್ ಬಿಡಿಸುತ್ತಲೇ ಇದ್ದಳು. "ಓದಿದವಳು, ಕಲ್ಲುಗೊಂಬೆಗೆ ಜೇನು ಕುಡಿಸ್ತಾಳೆ! ಚರ್ಚಿನಲ್ಲಿ ನಾನು ತಲೆ ಎತ್ತೋದು ಹೇಗೆ?"

"ನಿಮ್ಮ ಮೇರಿ ಮಾತೆಯ ದೀಪ ನಾನು ಒಂದು ದಿನವಾದ್ರೂ ಆರಿಸಿದ್ದೀನಾ?" ದಿನವಿಡೀ ದುಡಿದು ಬಂದವಳು ದಾರವನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. "ನನ್ನ ದೇವರನ್ನ ಚರಂಡಿಗೆ ಸುರಿದ್ರಲ್ಲ!"

ಮುದುಕಿಯ ಕೈ ನಿಂತಿತು. "ಚರಂಡಿಗೆ ಯಾರೇ ಸುರಿದ್ರು?"

"ಮತ್ತೆಲ್ಲಿಗೆ?"

ಸ್ಟಮಾಟಿಯಾ ಮುಖ ಗಂಟಿಕ್ಕಿಕೊಂಡೇ ಬಾಲ್ಕನಿಯತ್ತ ಗದ್ದ ಚಾಚಿದಳು. ಕುಂಡದ ನಿಂಬೆಗಿಡದ ಬುಡದಲ್ಲಿ ಕಾಳುಗಳು ಚೆಲ್ಲಿದ್ದವು, ಮಣ್ಣು ಎಣ್ಣೆಯಿಂದ ಮಿನುಗುತ್ತಿತ್ತು. ಮೇರಿ ಮಾತೆಯ ದೀಪದಲ್ಲಿ ಉಳಿದ ಎಣ್ಣೆಯನ್ನು, ಯಾರೂ ತುಳಿಯಬಾರದೆಂದು, ಅವಳು ಪ್ರತಿ ಶನಿವಾರ ಸುರಿಯುತ್ತಿದ್ದುದೂ ಅದೇ ಬುಡಕ್ಕೆ.